ಕರುಣಾಕರನ ಮೇಲೆ ನನ್ನ ದಾವೆ

೧೪-೧೨-೧೯೮೩, ಬುಧವಾರ, ಕಾಪು

ನನ್ನ ಹಳೆಯ ವಿದ್ಯಾರ್ಥಿ ಕರುಣಾಕರನ ಮೇಲೆ ನಾನು ದಾವೆ ಹೂಡಿದ್ದೇನಂತೆ. ಸಂತೆಕಟ್ಟೆಯಲ್ಲಿ ಅವನ ಟೆಂಪೊ ನನ್ನ ಕಾರಿಗೆ ಗುದ್ದಿದ್ದು ಹೌದು. ರಿಪೇರಿಯ ಖರ್ಚು ಕೊಟ್ಟ ವಿಮಾ ಕಂಪೆನಿ ಅದನ್ನು ಅವನಿಂದ ವಸೂಲು ಮಾಡಲು ನನ್ನ ಹೆಸರಿನಲ್ಲಿ ಕೋರ್ಟಿಗೆ ಹೋಗಿದೆ. ಒಪ್ಪಿಗೆಯ ಸಹಿ ನನ್ನದೇ, ಓದದೆ ಹಾಕಿದ್ದು.

ಸಂಜೆ ಅವನೇ ಬಂದ. ಒಂದೇ ಚೀಲದಲ್ಲಿ ಸಮನ್ಸು ಮತ್ತು ಅವನ ಗದ್ದೆಯ ಮೊದಲ ಕೊಯ್ಲಿನ ಮಟ್ಟು ಗುಳ್ಳ ಬದನೆ.

"ಪ್ರಶ್ನೆ ಓದದೆ ಉತ್ತರ ಬರೀಬೇಡಿ ಅಂತ ನೀವೇ ಹೊಡೆದದ್ದಲ್ವಾ, ಮಾಷ್ಟ್ರೇ?"

ನಾನು ಕನ್ನಡಕ ಹಾಕಿ ಸಮನ್ಸನ್ನು ಮೊದಲಿನಿಂದ ಓದತೊಡಗಿದೆ.

"ಇರ್ಲಿ. ಕೋರ್ಟಿನ ವಾಯಿದೆ ದಿನ ಉಡುಪಿಗೆ ನಿಮ್ಮ ಕಾರಲ್ಲೇ ಬರ್ತೇನೆ. ಜಾಗ ಉಂಟಲ್ವಾ?"

"ಉಂಟು. ನೀನು ಗುದ್ದಿದ ಬದಿಯಲ್ಲೇ ಕೂತುಕೋ" ಎಂದೆ.

ಆ ಬಾಗಿಲು ರಿಪೇರಿಯಾದ ಮೇಲೂ ಒಳಗಿನಿಂದ ತೆರೆಯುವುದಿಲ್ಲ. ಕೋರ್ಟಿನೆದುರು ನಾನೇ ಇಳಿದು ಅವನಿಗೆ ತೆಗೆದುಕೊಡಬೇಕು.