ಅಪ್ಪ ಬರೆದ ಮದುವೆಗಳು

ಕೆಲ್ಕಾಯ್ ದ್ವೀಪ, ಚಿಲೊಯೆ
೧೯೫೭ ನವೆಂಬರ್ ೧೭, ಭಾನುವಾರ

ಪ್ರೀತಿಯ ತಮ್ಮ ಎರಾಸ್ಮೋ,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ಪಾಟಗೋನಿಯಾದಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಕಾಲ ಬಂತಲ್ಲ, ದಿನವಿಡೀ ಬಗ್ಗಿ ನಿಲ್ಲಬೇಕು, ಹುಷಾರು. ಕಳೆದ ಚಳಿಗಾಲದಿಂದ ನಿನ್ನ ಕಾಗದವಿಲ್ಲ. ದೋಣಿಯಲ್ಲಿ ಬಂದವರು ನಿನ್ನ ಬಗ್ಗೆ, ಅಲ್ಲಿಯ ಇನ್ನೊಬ್ಬಳ ಬಗ್ಗೆ ಏನೇನೋ ಹೇಳುತ್ತಾರೆ. ನಾನು ಕಿವಿಗೆ ಹಾಕಿಕೊಂಡಿಲ್ಲ, ಆದರೆ ಕಿವಿ ಮುಚ್ಚಿಕೊಂಡೂ ಇಲ್ಲ. ನಿನ್ನ ಒಟಿಲಿಯಾ, ಮಕ್ಕಳು ಚೆನ್ನಾಗಿದ್ದಾರೆ. ಚಿಕ್ಕವಳಿಗೆ ಹಲ್ಲು ಬಿದ್ದಿದೆ, ನಕ್ಕರೆ ಥೇಟ್ ಅಮ್ಮನ ಹಾಗೆ. ಆಲೂಗಡ್ಡೆ ನಾಟಿ ಮುಗಿಯಿತು.

ನಿನಗೆ ಹೇಳಬೇಕಾದದ್ದು ಬೇರೆ ಇದೆ. ಫಾದರ್ ಅನ್ಸೆಲ್ಮೋ ನಮ್ಮ ಧರ್ಮಕೇಂದ್ರದ ಹದಿನಾಲ್ಕು ದ್ವೀಪಗಳ ಇಗರ್ಜಿಗಳ ಚರಿತ್ರೆ ಬರೆಯುತ್ತಿದ್ದಾರೆ. ಯಾವುದನ್ನು ಯಾರು ಕಟ್ಟಿದರು, ಹಲಗೆ ಎಲ್ಲಿಂದ ಬಂತು, ಗಂಟೆ ಯಾರು ಕೊಟ್ಟರು, ಎಲ್ಲ. ಹಳೆಯ ಪುಸ್ತಕಗಳು ತೇವಕ್ಕೆ ಅಂಟಿಕೊಂಡಿವೆ. ನನ್ನ ಅಕ್ಷರ ದುಂಡಗಿದೆಯೆಂದು ನಕಲು ಮಾಡಲು ನನಗೇ ಕೊಟ್ಟರು. ನಮ್ಮದರ ಬಗ್ಗೆ ಬರೆಯುವಾಗ ಅಪ್ಪನ ಹೆಸರಿಗೆ ಒಂದು ಇಡೀ ಪುಟ ಬಿಡು ಎಂದರು. ವರ್ಷಕ್ಕೊಮ್ಮೆಯೂ ಪಾದ್ರಿ ಮುಖ ತೋರದ ಕಾಲದಲ್ಲಿ ಜಪ ಹೇಳಿಸಿ, ಕೂಸುಗಳಿಗೆ ಜ್ಞಾನಸ್ನಾನದ ನೀರು ಹಾಕಿ, ಸತ್ತವರನ್ನು ಮಣ್ಣು ಮಾಡಿ, ಮೂವತ್ತು ವರ್ಷ ಪಾದ್ರಿಯ ಪರವಾಗಿ ನಿಂತ ಫಿಸ್ಕಾಲ್ ಆಗಿ ಇಗರ್ಜಿಯನ್ನು ಉಳಿಸಿದವನು ಅವನೇ ಅಲ್ಲವೇ? ನನಗೆ ಹೆಮ್ಮೆಯಿಂದ ಕಣ್ಣು ತುಂಬಿತ್ತು.

ಮದುವೆಯ ಪುಸ್ತಕ ತೆರೆದಾಗ ಆ ಹೆಮ್ಮೆ ಇಳಿಯಿತು. ಪಾದ್ರಿಯ ರುಜು ಇರುವ ಕಡೆ ಅಪ್ಪ ಉದ್ದ ಬಾಲ ಎಳೆದು ಬರೆಯುತ್ತಿದ್ದ 'ಗ' ಅಕ್ಷರ ಕಂಡಿತು. ತಾರೀಖು ನೋಡಿದೆ. ಆ ತಿಂಗಳುಗಳಲ್ಲಿ ಯಾವ ಪಾದ್ರಿಯೂ ದ್ವೀಪಕ್ಕೆ ಬಂದಿರಲಿಲ್ಲ. ಪಾದ್ರಿಯಲ್ಲದ ತನಗೂ ಬಿಷಪರ ಅಪ್ಪಣೆಯಿದೆಯೆಂದು ಜನರಿಗೆ ಸುಳ್ಳು ಹೇಳಿ ಮದುವೆ ಮಾಡಿಸಿ, ಆಮೇಲೆ ಪಾದ್ರಿಯ ಹೆಸರು ತಾನೇ ಬರೆದಿದ್ದ. ಅಂಥವು ಆರು. ಪುಸ್ತಕವನ್ನು ಉಣ್ಣೆಯ ರಾಶಿಯೊಳಗೆ ಬಚ್ಚಿಟ್ಟೆ, ಅದನ್ನು ಓದಲಾಗುತ್ತಿಲ್ಲವೆಂದು ಫಾದರ್‌ಗೆ ಸುಳ್ಳು ಹೇಳಿದೆ. ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಅವರು ತಾವು ಬರೆದಿದ್ದ ಅಪ್ಪನ ಪುಟವನ್ನು ಓದಿ ಹೇಳಿದರು. ಅಷ್ಟು ಒಳ್ಳೆಯ ಮಾತುಗಳನ್ನು ಕೇಳಿಕೊಂಡು ಕೂರಲಾಗದೆ ಎಲ್ಲ ಹೇಳಿಬಿಟ್ಟೆ.

ಸುದ್ದಿ ಹೇಗೆ ಹೊರಬಿತ್ತೋ, ವಾರದೊಳಗೆ ಊರೆಲ್ಲ ತಿಳಿಯಿತು. ನೀರು ಸೇದುವಲ್ಲಿ ಹೆಂಗಸರು ನನ್ನನ್ನು ಕಂಡು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಎದೆಲ್ಮಿರಾ ಅಜ್ಜಿ ಕೋಲೂರಿಕೊಂಡು ಮನೆಗೇ ಬಂದಳು; ಆ ಆರರಲ್ಲಿ ಅವಳ ಮದುವೆಯೂ ಒಂದು. ಅವಳ ಗಂಡ ಸಮುದ್ರದಲ್ಲಿ ಹೋಗಿ ನಾಲ್ಕು ವರ್ಷವಾಯಿತು, ಗೊತ್ತಲ್ಲ. ಕೂರು ಅಂದರೂ ಕೂರಲಿಲ್ಲ. "ಮೂವತ್ತೆರಡು ವರ್ಷ ಅವನ ಜೊತೆ ಬಾಳ್ವೆ ಮಾಡ್ದೆ ಕಣೇ. ಈಗ ಮುಳುಗಿದವನನ್ನ ಎಬ್ಬಿಸ್ಕೊಂಡು ಬಂದು ಇನ್ನೊಂದ್ಸಲ ಮದ್ವೆ ಆಗ್ಲಾ? ನಿಮ್ಮಪ್ಪ ಸತ್ತ ಮೇಲಾದ್ರೂ ನೀನು ಬಾಯಿ ಮುಚ್ಕೊಂಡಿರಬೇಕಿತ್ತು," ಅಂದಳು.

ಫಾದರ್ ಅಂಕೂದ್‌ಗೆ ಹೋಗಿ ಬಿಷಪರನ್ನು ಕಂಡುಬಂದರು. ಒಂದು ತಿಂಗಳವರೆಗೆ ಪಾದ್ರಿ ಸಿಗುವ ಹಾಗಿಲ್ಲದ ಊರಿನಲ್ಲಿ ಇಬ್ಬರು ಸಾಕ್ಷಿಗಳ ಮುಂದೆ ಆದ ಮದುವೆ ಮದುವೆಯೇ ಎಂದು ಇಗರ್ಜಿಯ ಕಾನೂನಿನಲ್ಲೇ ಇದೆಯಂತೆ. ಅಪ್ಪ ಸುಳ್ಳು ಬರೆಯುವ ಅಗತ್ಯವೇ ಇರಲಿಲ್ಲ, ಎರಾಸ್ಮೋ. ಯಾರಾದರೂ ಅವನಿಗೆ ಅದನ್ನು ಹೇಳಿದ್ದರೆ! ಎದೆಲ್ಮಿರಾ ಅಜ್ಜಿಗೆ ಹೇಳಲು ನಾನೇ ಓಡಿದೆ. ಅವಳು ಅತ್ತಳು, ನನಗೊಂದು ಆಲೂಗಡ್ಡೆಯ ಮಿಲ್ಕಾವ್ ರೊಟ್ಟಿ ಕೊಟ್ಟಳು, ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ. ಚರಿತ್ರೆಯಲ್ಲಿ ಅಪ್ಪನ ಪುಟ ಇದೆ. ಅವನು ಮಾಡಿದ ಸೇವೆಯೂ ಇದೆ, ಪಾದ್ರಿಯ ಹೆಸರು ಬರೆದದ್ದೂ ಇದೆ. ಅದನ್ನು ನನ್ನ ಕೈಯಲ್ಲೇ ಬರೆದೆ.

ಮೈ ನೋಡಿಕೋ. ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸಿದ್ದೇನೆ. ದೇವಮಾತೆ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಡೊರಾಲಿಸಾ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ದೋಣಿ ಹೊರಡುತ್ತಿದೆ. ಆರಲ್ಲ, ಏಳು. ಏಳನೆಯದು ನಿನ್ನದು. ನಿನ್ನ ಹಡಗಿಗೆ ಹೊತ್ತಾಯಿತೆಂದು ಅಪ್ಪ ಅವಸರದಲ್ಲಿ ಮಾಡಿಸಿದನಲ್ಲ, ಎಂಟು ದಿನಕ್ಕೆ ಪಾದ್ರಿ ಬರುವವರಿದ್ದರು. ಅದು ಅಪ್ಪನಿಗೂ ಗೊತ್ತಿತ್ತು. ಅದಕ್ಕೇ ನಿನ್ನದೊಂದು ಮಾತ್ರ ನಿಲ್ಲುವುದಿಲ್ಲವಂತೆ. ಫೆಬ್ರವರಿ ಎರಡಕ್ಕೆ ಫಾದರ್ ಇಲ್ಲಿರುತ್ತಾರೆ, ನೀನು ಬಂದರೆ ಮತ್ತೆ ಮದುವೆ ಮಾಡಿಸುವುದು ಹತ್ತು ನಿಮಿಷದ ಕೆಲಸ. ಒಟಿಲಿಯಾಗೆ ಹೇಳಿದೆ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಬರೀರಿ ಅಕ್ಕಾ. ಬರ್ಬೇಕು ಅನ್ಸಿದ್ರೆ ಬರ್ಲಿ. ಮಕ್ಕಳ ಮುಖ ನೋಡ್ಕೊಂಡು ಬರೋದು ಬೇಡ," ಅಂದಳು. ಆ ದಿನ ನೀನು ಬಾರದಿದ್ದರೆ ಪುಸ್ತಕದಲ್ಲಿರುವ ಆ ಸಾಲನ್ನು ತಾನೇ ಹೊಡೆದುಹಾಕುತ್ತಾಳಂತೆ. ಪೆನ್ನು ಹಿಡಿಯುವುದು ಹೇಗೆಂದು ನನ್ನಿಂದ ಕಲಿಯುತ್ತಿದ್ದಾಳೆ.