ಅತ್ತೆಯ ಆಯುಷ್ಯಕ್ಕೆ ಅರ್ಧ ಗುಳಿಗೆ

ಬಸವಕಲ್ಯಾಣ
೨೦ ಸೆಪ್ಟೆಂಬರ್ ೧೯೮೩

ಪ್ರೀತಿಯ ನಾದಿನಿ ಶಕುಂತಲಾಗೆ,

ನಿನ್ನ ವೈನಿಯ ಶರಣು ಶರಣಾರ್ಥಿ. ನಿನ್ನವ್ವ ಆರಾಮಾಗಿದ್ದಾರೆ. ಮೊದಲು ಇದನ್ನು ಓದಿ ಉಸಿರು ಬಿಡು. ಈಗ ಅಂಗಳದಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಾರೆ. ಇವಳು ಇಷ್ಟುದ್ದ ಯಾರಿಗೆ ಬರೆಯುತ್ತಿದ್ದಾಳೆ ಎಂದು ಆಗಾಗ ಕತ್ತೆತ್ತಿ ನೋಡುತ್ತಾರೆ.

ನಿನ್ನಣ್ಣ ನಿನಗೆ ಬರೆದಿರಬೇಕು. ಪಕ್ಕದ ಮನೆಯ ಹಜಿರಾ ಬೀ ನುಂಗುವ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಅವ್ವ ತಾನೇ ಕೇಳಿ ತಂದು ನುಂಗಿದಳು, ಅದಕ್ಕೇ ಶ್ರಾವಣದಲ್ಲಿ ಆಸ್ಪತ್ರೆ ಸೇರಿದಳು ಎಂದು. ಅದು ಸುಳ್ಳು. ಗುಳಿಗೆ ತಿನ್ನಿಸಿದವಳು ನಾನು. ಅತ್ತೆಗೆ ಆ ಕಾಯಿಲೆ ಇಲ್ಲವೆಂದು ಗೊತ್ತಿದ್ದೂ ತಿನ್ನಿಸಿದೆ. ಕಾಗದ ಹರಿಯಬೇಡ, ಪೂರ್ತಿ ಓದು, ಆಮೇಲೆ ಬೇಕಾದಷ್ಟು ಬೈ.

ಯುಗಾದಿಯ ಹೊತ್ತಿಗೆ ನೀನು ಹೈದರಾಬಾದಿನಿಂದ ನಿನ್ನ ಕೆಲಸದ ಬಗ್ಗೆ ಬರೆದಿದ್ದೆ. ಪ್ರಯೋಗಶಾಲೆಯಲ್ಲಿ ಇಲಿಗಳಿಗೆ ಕಾಳು ಹಾಕುವುದು, ತೂಗುವುದು, ಯಾವುದು ಎಂದು ಸತ್ತಿತೆಂದು ಬರೆದಿಡುವುದು. ಒಂದು ಗುಂಪಿಗೆ ಬರೀ ಕಾಳು, ಇನ್ನೊಂದಕ್ಕೆ ಸಕ್ಕರೆ ಕಾಯಿಲೆಯ ಗುಳಿಗೆ ಅರೆದು ಬೆರೆಸಿದ ಕಾಳು. ಗುಳಿಗೆ ತಿಂದವು ಕಡಿಮೆ ತಿನ್ನುತ್ತವೆ, ಮೈ ಹಗುರವಾಗಿದೆ, ಉಳಿದವಕ್ಕಿಂತ ಮೂರು ತಿಂಗಳು ಹೆಚ್ಚು ಬದುಕಿವೆ ಎಂದು ಬರೆದಿದ್ದೆ. ಇಲಿಯ ಮಾತು ಇಲಿಗೆ, ಮನುಷ್ಯರಿಗೆ ಹೇಗೋ ಯಾರಿಗೂ ತಿಳಿಯದು ಎಂದೂ ಬರೆದಿದ್ದೆ. ಆ ಸಾಲು ಕಣ್ಣಿಗೆ ಬೀಳಲಿಲ್ಲ ಎನ್ನಲಾರೆ. ಓದಿದೆ, ನನಗೆ ಬೇಡವಾಗಿತ್ತು, ಬಿಟ್ಟೆ. ಎರಡೂವರೆ ವರ್ಷದ ಇಲಿಗೆ ಮೂರು ತಿಂಗಳಾದರೆ ಮನುಷ್ಯರಿಗೆ ಏಳು ವರ್ಷವಾದರೂ ಆಗುತ್ತದೆ ಎಂದು ಬೆರಳು ಮಡಿಸಿದೆ.

ಅತ್ತೆಗೆ ಏಳು ವರ್ಷ ಹೆಚ್ಚು ಸಿಗಲಿ ಎಂದು ಯಾಕೆ ಆಸೆಪಟ್ಟೆ ಗೊತ್ತೇ? ಪ್ರೀತಿಯಿಂದ ಎಂದು ಬರೆದರೆ ಅರ್ಧ ಮಾತ್ರ ನಿಜ. ಹನ್ನೊಂದು ವರ್ಷವಾಯಿತು, ನನ್ನ ಹೊಟ್ಟೆಯಲ್ಲಿ ಒಂದು ಕೂಸು ನಿಲ್ಲಲಿಲ್ಲ. ನಿನ್ನಣ್ಣ ಬೇಮಳಖೇಡದಲ್ಲಿ ಒಂದು ಹೆಣ್ಣು ನೋಡಿಟ್ಟಿದ್ದಾರೆ. ಅತ್ತೆ ಒಬ್ಬರೇ ಅಡ್ಡ ನಿಂತಿದ್ದಾರೆ. ನಾನು ಇರುವತನಕ ಈ ಮನೆಗೆ ಇನ್ನೊಬ್ಬಳು ಬರುವುದಿಲ್ಲ ಎಂದು ಮಗನ ಮುಖಕ್ಕೇ ಹೇಳಿದ್ದಾರೆ. ಇರುವತನಕ. ಆ ಒಂದು ಮಾತನ್ನು ಹಿಡಿದುಕೊಂಡು ನಾನು ದಿನ ದೂಡುತ್ತಿದ್ದೆ. ಅವರಿಗೊಂದು ಕೆಮ್ಮು ಬಂದರೆ ಓಡಿ ಹೋಗಿ ಬೆನ್ನು ನೀವುತ್ತಿದ್ದೆ.

ಹಜಿರಾ ಬೀಗೆ ಓದಲು ಬಾರದು. ಅವರ ಚೀಟಿ ಹಿಡಿದು ಶಂಶುದ್ದೀನರ ಔಷಧದ ಅಂಗಡಿಗೆ ಹೋಗುವವಳು ನಾನೇ. ಗುಳಿಗೆಯ ಒಂದು ಪಟ್ಟಿಯ ಬದಲು ಎರಡು ತಂದೆ, ಯಾರೂ ಕೇಳಲಿಲ್ಲ. ಅತ್ತೆಯ ಪ್ರಸಾದದ ನೇಮ ನಿನಗೆ ಗೊತ್ತಲ್ಲ. ಲಿಂಗಕ್ಕೆ ತೋರಿಸಿ ಉಂಡದ್ದರಲ್ಲಿ ಒಂದು ಅಗುಳೂ ಉಳಿಯಬಾರದು, ತಾಟು ತೊಳೆದ ನೀರನ್ನೂ ಕುಡಿದೇ ಏಳುತ್ತಾರೆ. ರುಚಿ ಕೆಟ್ಟರೂ ಪ್ರಸಾದಕ್ಕೆ ಹೆಸರಿಡುವುದಿಲ್ಲ. ಅಂಥವರಿಗೆ ಔಷಧ ತಿನ್ನಿಸುವುದು ಎಷ್ಟರ ಕೆಲಸ? ಎರಡೂ ಹೊತ್ತು ಅರ್ಧರ್ಧ ಗುಳಿಗೆ ಅರೆದು ಮೆಂತೆಪುಡಿಯ ಜೊತೆ ಬೇಳೆಗೆ ಕಲಸುತ್ತಿದ್ದೆ. ಕಹಿ ಕಹಿಯಲ್ಲೇ ಹೋಯಿತೆಂದು ತಿಳಿದಿದ್ದೆ.

ಎರಡು ತಿಂಗಳಲ್ಲಿ ಅತ್ತೆಯ ಊಟ ಎರಡು ರೊಟ್ಟಿಯಿಂದ ಒಂದಕ್ಕಿಳಿಯಿತು. ಕುಪ್ಪಸ ಸಡಿಲಾಯಿತು. ಓಣಿಯವರೆಲ್ಲ ಮುದುಕಿ ಸೊರಗಿದಳು ಅಂದರು. ನನಗೆ ಮಾತ್ರ ಒಳಗೊಳಗೇ ಹಿಗ್ಗು. ಇಲಿಗಳೂ ಹೀಗೇ ಹಗುರಾದವಲ್ಲ, ಗುಳಿಗೆ ಹತ್ತುತ್ತಿದೆ ಅಂದುಕೊಂಡೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ ತಾಯಿ.

ಶ್ರಾವಣ ಬಂತು. ಸೋಮವಾರ ಅತ್ತೆಗೆ ಸಂಜೆ ಒಂದೇ ಊಟ. ಒಪ್ಪತ್ತಿನಿಂದ ಔಷಧ ತಪ್ಪಬಾರದೆಂದು ಆ ದಿನ ಇಡೀ ಗುಳಿಗೆ ಹಾಕಿದೆ. ಮೂರನೆಯ ಸೋಮವಾರ ಕಳೆದು ಬೆಳಗಾದರೆ ವಾಂತಿ, ಭೇದಿ, ಏದುಸಿರು. ಇಲ್ಲಿನ ಡಾಕ್ಟರು ನೋಡಿ ಹುಮನಾಬಾದಿಗೆ ಒಯ್ಯಿರಿ ಅಂದರು. ನಮ್ಮ ಓಣಿಯ ಮಹೆಬೂಬನ ಜೀಪಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ನಾನು ಬಸವಣ್ಣನನ್ನು ಬೇಡಿದ್ದು ಅವರ ಪ್ರಾಣವನ್ನೋ ನನ್ನ ಸಂಸಾರವನ್ನೋ, ಈಗಲೂ ತಿಳಿಯದು.

ಅಲ್ಲಿ ಸಲಾಯಿನ್ ಹಚ್ಚಿದರು. ಈ ಅಜ್ಜಿ ಏನಾದರೂ ಗುಳಿಗೆ ತಗೊಳ್ಳುತ್ತಿದ್ದರೇ ಎಂದು ಡಾಕ್ಟರು ಕೇಳಿದಾಗ ನಿನ್ನಣ್ಣ ತಿರುಗಿ ನನ್ನನ್ನು ನೋಡಿದರು. ನಾನು ಸಲಾಯಿನ್ ಬಾಟಲಿಯ ಹನಿಗಳನ್ನು ನೋಡುತ್ತಾ ನಿಂತೆ. ಅಷ್ಟರಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡೇ, ಹಜಿರಾ ಬೀಯ ಸಕ್ಕರೆ ಗುಳಿಗೆ ನಾನೇ ನುಂಗಿದೆ, ಕಾಲು ಜೋಮು ಹಿಡಿಯುತ್ತಿತ್ತು ಅಂದರು. ನಿನ್ನಣ್ಣ ಅವ್ವನಿಗೆ ಬೈದು ಹೊರಗೆ ಹೋದರು. ನಾನು ಅತ್ತೆಯ ಕಾಲು ಹಿಡಿದು ಎಲ್ಲ ಒದರಿಬಿಟ್ಟೆ, ನಿನ್ನ ಇಲಿಗಳ ಕಥೆಯನ್ನೂ.

“ಮೊದಲನೇ ದಿನಾನೇ ಕಹಿ ಗೊತ್ತಾತು,” ಅಂದರು. “ಹಿಟ್ಟಿನ ಡಬ್ಬಿ ಹಿಂದ ಗುಳಿಗಿ ಪಟ್ಟಿನೂ ನೋಡೀನಿ. ನನಗ ಕೆಟ್ಟದ್ದು ಮಾಡಾಕಿ ಅಲ್ಲ ನೀ, ಏನೋ ನೇಮ ಹಿಡದಾಳ ಅಂತ ಸುಮ್ಮನಿದ್ದೆ.”

ಆಮೇಲೆ ಒಂದು ಪ್ರಶ್ನೆ ಕೇಳಿದರು. “ಆ ಇಲಿ ಹೆಚ್ಚಿಗಿ ಬದುಕಿದ್ವಲ್ಲ, ಆ ಮೂರು ತಿಂಗಳು ಏನ್ ಮಾಡ್ತಾವ?”

ಪಂಜರದಲ್ಲೇ ಇರುತ್ತವೆ ಅಂದೆ.

“ನೀನೂ ನನ್ನ ಉಸಿರು ಎಣಿಸ್ಕೋತ ಹಂಗೇ ಕುಂತೀ. ನಾ ನೂರು ವರ್ಷ ಬದುಕಿದ್ರ ಅವ ನೂರಾ ಒಂದನೇ ವರ್ಷಕ್ಕ ಇನ್ನೊಬ್ಬಾಕಿನ್ನ ಮಾಡ್ಕೋತಾನ. ಆವಾಗ ಏನ್ ಮಾಡ್ತೀ?”

ನಾನು ಅವರ ಕಾಲಿನ ಮೇಲೆ ಹೊದಿಕೆ ಎಳೆದೆ.

ಹುಮನಾಬಾದಿನಲ್ಲಿ ಅತ್ತೆಯ ತಂಗಿ ದ್ರೌಪತಿ ಚಿಕ್ಕಮ್ಮ ಮಹಿಳಾ ಮಂಡಳದ ಬಾಲವಾಡಿ ನಡೆಸುವುದು ನಿನಗೆ ಗೊತ್ತು. ಹತ್ತನೇ ಇಯತ್ತೆ ಪಾಸಾದವಳು ಬೇಕೆಂದು ಎರಡು ವರ್ಷದಿಂದ ನನ್ನನ್ನು ಕರೆಯುತ್ತಿದ್ದಾರೆ. ಮನೆ ಬಿಟ್ಟರೆ ಜಾಗ ಹೋಗುತ್ತದೆ ಎಂಬ ಹೆದರಿಕೆಗೆ ನಾನು ಹೋಗಲಿಲ್ಲ. ಈಗ ಅತ್ತೆಯೇ ಹೋಗು ಎಂದು ದಿನಾ ಬೆನ್ನು ಹತ್ತಿದ್ದಾರೆ. ನಾನು ಹೋದರೆ ನಿಮ್ಮನ್ನು ನೋಡುವವರಾರು ಎಂದರೆ ಬೇಳೆಯೊಳಗಿನ ಕಲ್ಲು ಆರಿಸತೊಡಗುತ್ತಾರೆ.

ನಿನ್ನ ಅವ್ವನ ಜೀವದ ಜೊತೆ ಆಟವಾಡಿದೆ, ಶಕುಂತಲಾ. ನನ್ನನ್ನು ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ. ನಿನ್ನಣ್ಣನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನ ವೈನಿ,
ಮಾಣಿಕಮ್ಮ

ತಾ.ಕ.: ಕಾಗದ ಬಸವಕಲ್ಯಾಣದಲ್ಲಿ ಬರೆದೆ, ಅಂಚೆ ಡಬ್ಬಿಗೆ ಹಾಕುತ್ತಿರುವುದು ಹುಮನಾಬಾದಿನಲ್ಲಿ. ಇನ್ನು ಮುಂದೆ ದ್ರೌಪತಿ ಚಿಕ್ಕಮ್ಮನ ವಿಳಾಸಕ್ಕೆ ಬರೆ. ನಿನ್ನೆ ಬೆಳಿಗ್ಗೆ ಬಾಲವಾಡಿಗೆಂದು ಗಟ್ಟಿ ಮನಸ್ಸು ಮಾಡಿ, ಓಣಿಯವರಿಗೆ ಹೇಳಿ ಬಂದು ನಾನು ಬಸ್ಸು ಹತ್ತಿದರೆ ಒಳಗೆ ಅತ್ತೆ ಆಗಲೇ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಾಳಿನ ವ್ಯಾಪಾರಕ್ಕೆ ಚಿಟಗುಪ್ಪದ ಅಡತಿ ಅಂಗಡಿಗೆ ಹೋದ ನಿನ್ನಣ್ಣ ನಾಳೆ ಬರುತ್ತಾರೆ, ಅವರಿಗೆ ಇನ್ನೂ ಏನೂ ತಿಳಿಯದು. ಬೀಗದ ಕೈಯನ್ನು ಅತ್ತೆ ಹಜಿರಾ ಬೀಗೆ ಕೊಟ್ಟು ಬಂದಿದ್ದಾರೆ. ನಿನ್ನಣ್ಣ ಬೇಮಳಖೇಡದವಳನ್ನು ತಂದರೆ ಏನು ಗತಿ ಎಂದು ದಾರಿಯಲ್ಲಿ ನಾನು ಅತ್ತೆಯನ್ನು ಕೇಳಿದೆ. ಅವರು ನಕ್ಕರು. “ಅವ್ವನೇ ಸೊಸಿ ಕಟಗೊಂಡು ಹೊರಗ ಬಿದ್ದ ಮನಿಗಿ ಯಾರು ಹೆಣ್ಣು ಕೊಡ್ತಾರ, ನಾನೂ ನೋಡ್ತೀನಿ,” ಅಂದರು.