ಕ್ಯಾಮೆರಾ ಕೆಳಗಿಳಿಯಿತು

ಮಾರ್ಚ್ ೧೪, ಗುರುವಾರ

ಇಪ್ಪತ್ತು ವರ್ಷ ಕಾರ್ಖಾನೆ ಮುಷ್ಕರ, ಮನೆ ಕಳೆದುಕೊಂಡವರ ಧರಣಿ ಅಂತ ಸಾಕ್ಷ್ಯಚಿತ್ರ ತೆಗೆದವಳು ನಾನು. ಇವತ್ತು ಟೈಲರಮ್ಮ ಒಂದೇ ಮಾತಿಗೆ ನನ್ನ ಜಂಬ ಇಳಿಸಿದಳು.

ಗಾಲಿಕುರ್ಚಿಯಲ್ಲಿ ಕೂತೇ ಅಂಗಡಿ ನಡೆಸುವ ಆಕೆಯನ್ನು ಮೂರು ತಿಂಗಳಿಂದ ಚಿತ್ರೀಕರಿಸುತ್ತಿದ್ದೇನೆ. ಬಸ್ಸುಗಳಿಗೆ ಇಳಿಜಾರು ಹಲಗೆ ಬೇಕೆಂದು ಆಕೆಯ ಅಂಗವಿಕಲರ ಸಂಘ ಹೋರಾಡುತ್ತಿದೆ. ಮುಂದಿನ ತಿಂಗಳು ಸಾರಿಗೆ ಇಲಾಖೆಯ ವಿಚಾರಣೆಯಲ್ಲಿ ಈ ಚಿತ್ರ ತೋರಿಸಬೇಕು. ಬೆಳಿಗ್ಗೆ ಆಕೆಯನ್ನೇ ಕರೆದು ತೋರಿಸಿದೆ. ಕಣ್ಣೊರೆಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ, ಕಿಸಕ್ಕನೆ ನಕ್ಕಳು.

"ಅಕ್ಕಾ, ನನ್ನ ಬೈತಲೆ ತುಂಬ ಚೆನ್ನಾಗಿ ಬಂದಿದೆ. ಮುಖ ಯಾವಾಗ ಬರುತ್ತೆ?"

ಚಿತ್ರವನ್ನು ಮತ್ತೆ ಮೊದಲಿಂದ ಓಡಿಸಿ ನೋಡಿದೆ. ಎಲ್ಲವನ್ನೂ ನಿಂತುಕೊಂಡು, ಮೇಲಿನಿಂದಲೇ ತೆಗೆದಿದ್ದೆ. ಹಕ್ಕು ಕೇಳುವ ಹೆಂಗಸು ಪ್ರತಿ ದೃಶ್ಯದಲ್ಲೂ ಬೇಡುವವಳಂತೆ ಕಾಣುತ್ತಿದ್ದಳು.

ಮಧ್ಯಾಹ್ನವೇ ಬಸ್ ನಿಲ್ದಾಣದಲ್ಲಿ ಆಕೆಯ ಗಾಲಿಕುರ್ಚಿಯ ಪಕ್ಕ ಮೋಟು ಸ್ಟೂಲಿನ ಮೇಲೆ ಕ್ಯಾಮೆರಾ ಹಿಡಿದು ಕೂತೆ. ಅಲ್ಲಿಂದ ಬಸ್ಸಿನ ಮೊದಲ ಮೆಟ್ಟಿಲು ಗೋಡೆಯ ಹಾಗೆ ಕಂಡಿತು. ಕಂಡಕ್ಟರ್, "ಯಾರಾದ್ರೂ ಇವರನ್ನ ಎತ್ತಿ ಹತ್ತಿಸ್ರಪ್ಪಾ" ಅಂದ.

"ನಾನು ಮೂಟೆ ಅಲ್ಲಣ್ಣ, ಪ್ಯಾಸೆಂಜರ್. ಹಲಗೆ ಹಾಕ್ಸಿ, ನಾನಾಗೇ ಬರ್ತೀನಿ."

ಅವನು ಪೆಚ್ಚಾಗಿ ತಲೆ ಕೆರೆದುಕೊಂಡ. ಆಮೇಲೆ, "ಅರ್ಜಿ ಇದ್ರೆ ಕೊಡಿ, ನಾನೂ ಸಹಿ ಹಾಕ್ತೀನಿ" ಅಂದ. ಆಗ ಆಕೆಯ ಮುಖ ಅರಳಿದ್ದು ನನ್ನ ಕ್ಯಾಮೆರಾದಲ್ಲಿ ಪೂರ್ತಿ ಸಿಕ್ಕಿದೆ.

ಮೂರು ತಿಂಗಳ ಕೆಲಸ ಮತ್ತೆ ಮೊದಲಿಂದ. ಸೊಂಟ ಹಿಡಿದುಕೊಂಡಿದೆ, ಮನಸ್ಸು ಮಾತ್ರ ಹಗುರಾಗಿದೆ. "ಹೋರಾಟ ನಿಂದು, ಮುಲಾಮು ತಿಕ್ಕೋದು ನಂದು" ಅಂತ ಗಂಡ ಗೊಣಗುತ್ತಿದ್ದಾನೆ. ಲೈಟ್ ಆರಿಸು, ಇಲ್ಲ ನಾನೇ ಆರಿಸ್ತೀನಿ ಅಂತಲೂ. ಇನ್ನೊಂದೇ ಸಾಲು ಬರೆದು—